ಕಾಲರಿನ ಹಿಂದಿನ ಕಪ್ಪು ಗುರುತು

ಟ್ರಂಕಿನ ತಳದಿಂದ ಒಂದು ಬಿಳಿ ಅಂಗಿ ಹೊರಬಂತು. ಬಿಳಿ ಎನ್ನುವುದು ನನ್ನ ನೆನಪಿನಲ್ಲಿ ಮಾತ್ರ, ಅಂಗಿ ಈಗ ಹಳೆಯ ಹಲ್ಲಿನ ಬಣ್ಣಕ್ಕೆ ತಿರುಗಿದೆ. "ಗಾಡಿ ಒರಸಾಕ ತಗೊಳ್ಳೇನ್ರಿ, ಮಾವಾರ?" ಎಂದು ಸೊಸೆ ಕೇಳಿದಳು. ನಾನು ಕಾಲರನ್ನು ಹೊರಳಿಸಿದೆ. ಒಳಮಗ್ಗುಲಲ್ಲಿ, ಹಿಂಗತ್ತಿಗೆ ತಾಗುವ ಜಾಗದಲ್ಲಿ, ಒಂದು ಗೆರೆ, ಎರಡು ಚುಕ್ಕಿ. ಬಟ್ಟೆ ಮುಟ್ಟಿದರೆ ಹರಿಯುವ ಹಾಗಿದೆ, ಗುರುತು ನಿನ್ನೆ ಹಾಕಿದಷ್ಟು ಕಪ್ಪಾಗಿದೆ. ನೋಡಿದ ಕೂಡಲೆ ಸಿಟ್ಟು ಬಂತು. ಇಷ್ಟು ವರ್ಷಗಳ ಮೇಲೂ...

ಅಂಗಿ ನನ್ನದಲ್ಲ. ಖಾನಾಪುರದ ನಮ್ಮ ಹೈಸ್ಕೂಲಿನ ಗಣಿತದ ಮಾಸ್ತರರದು. ನನ್ನ ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿಯುತ್ತಿದ್ದ. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು ಯಾರೂ ಇಲ್ಲ. ನಾನು ಹತ್ತಿದ್ದು ಈ ಮಾಸ್ತರರು ಬೆನ್ನು ಬಿಡದೆ ನೂಕಿದ್ದರಿಂದ. ಲೆಕ್ಕದ ಉತ್ತರ ಸರಿ ಬಂದರೆ ಅವರಿಗೆ ಸಾಲುತ್ತಿರಲಿಲ್ಲ. ಪ್ರತಿ ಸಾಲಿನ ಮುಂದೆ ಕಾರಣ ಬರೆಯಬೇಕು. "ಕಾರಣ ಎಲ್ಲೈತಿ?" ಎಂದು ಕೇಳುವಾಗ ಅವರ ಹುಬ್ಬು ಮೇಲೇರುತ್ತಿತ್ತು. ನಾನು ಬೆಳಗಾವಿಯಲ್ಲಿ ಬಿ.ಎಸ್ಸಿ ಸೇರಿದಾಗ ತಮ್ಮದೇ ಒಂದು ಅಂಗಿ ಕೊಟ್ಟು, "ಹರಕ ಅಂಗ್ಯಾಗ ಕಾಲೇಜಿಗೆ ಹೋಗಬ್ಯಾಡ" ಎಂದಿದ್ದರು. ಅದೇ ಈ ಅಂಗಿ.

ಬಿಳಿ ಬಟ್ಟೆ ಅವರಿಗೊಂದು ಹುಚ್ಚು. ಖಾನಾಪುರದ ಕೆಂಪುಮಣ್ಣಿನ ನೀರಿನಲ್ಲಿ ಒಗೆದರೆ ಕೆಂಪು ಛಾಯೆ ಉಳಿಯುತ್ತದೆ ಎಂದು ಬಟ್ಟೆಯನ್ನು ಬೆಳಗಾವಿಯ ಲಾಂಡ್ರಿಗೇ ಕಳಿಸುತ್ತಿದ್ದರು. ದಿನಾ ರೈಲಿನಲ್ಲಿ ಕಾಲೇಜಿಗೆ ಹೋಗಿಬರುತ್ತಿದ್ದ ನಾನೇ ಆ ಗಂಟನ್ನು ಹೊರುತ್ತಿದ್ದೆ. ಯಾರ ಬಟ್ಟೆ ಯಾರದೆಂದು ತಿಳಿಯಲು ಲಾಂಡ್ರಿಯಲ್ಲಿ ಗುರುತು ಹಾಕುತ್ತಿದ್ದರು. ಬಿಬ್ಬಾ ಎಂಬ ಕಪ್ಪು ಕಾಯಿಗೆ ಸೂಜಿ ಚುಚ್ಚಿ, ಅದರ ರಸದಿಂದ ಕಾಲರಿನ ಒಳಗೆ ಗೀರುತ್ತಿದ್ದರು. ಎಷ್ಟು ಒಗೆದರೂ ಹೋಗದ ಗುರುತು.

ಮಾಸ್ತರರ ಕತ್ತಿನ ಹಿಂದೆ ಮೊದಲು ಕೆಂಪಗೆ ದದ್ದು ಎದ್ದಿತು, ಆಮೇಲೆ ಗುಳ್ಳೆ, ಆಮೇಲೆ ನೀರಾಡಿ ಹಕ್ಕಳೆ. ಓಣಿಯಲ್ಲಿ ಎಲ್ಲರೂ ವೈದ್ಯರಾದರು. ಉಷ್ಣ ಆಗೇತಿ ಎಂದರು ಒಬ್ಬರು, ರಕ್ತ ಕೆಟ್ಟಿದೆ ಎಂದರು ಇನ್ನೊಬ್ಬರು. ಬದನೆಕಾಯಿ ಬಿಡಿಸಿದರು, ಹುಣಸೆಹಣ್ಣು ಬಿಡಿಸಿದರು, ಪಾಪ, ಶೇಂಗಾ ಚಟ್ನಿಯನ್ನೂ ಬಿಡಿಸಿದರು. ಬಾಜೂ ಮನೆಯ ಅಜ್ಜಿಯಂತೂ ಇದು ದೃಷ್ಟಿಯೇ ಎಂದು ತೀರ್ಮಾನಿಸಿ, ಕೂಸುಗಳಿಗೆ ಕಟ್ಟುವ ಹಾಗೆ ಕಪ್ಪು ದಾರಕ್ಕೆ ಒಂದು ಕಾಯಿ ಪೋಣಿಸಿ ಅವರ ಕೊರಳಿಗೆ ಕಟ್ಟಿದರು. ಯಾವ ಕಾಯಿ? ಅದೇ ಬಿಬ್ಬಾ! ಅಲ್ಲಿಯವರೆಗೆ ಹಿಂಗತ್ತಿನಲ್ಲಿದ್ದ ಗುಳ್ಳೆ ಮುಂದೆ ಬಂದು ಸರದ ಹಾಗೆ ಸುತ್ತಿಕೊಂಡಿತು. ದೃಷ್ಟಿ ಬಲವಾಗಿದೆ ಎಂದು ಅಜ್ಜಿ ಇನ್ನೊಂದು ಕಾಯಿ ಕಟ್ಟಲು ಹೊರಟಿದ್ದರು.

ಅಷ್ಟರಲ್ಲಿ ಯಾರದೋ ಬಾಯಿಂದ ಆ ಮಾತು ಹೊರಬಿತ್ತು... ಮಹಾರೋಗ, ಕುಷ್ಠ. ಇಬ್ಬರು ಪಾಲಕರು ಮಕ್ಕಳನ್ನು ಹಿಂದಿನ ಬೆಂಚಿಗೆ ಕೂರಿಸಿ ಎಂದರು, ಆಮೇಲೆ ಶಾಲೆಯನ್ನೇ ಬಿಡಿಸುತ್ತೇವೆ ಎಂದರು. ಶಾಲೆಯ ಕಮಿಟಿಯವರು ಮಾಸ್ತರರನ್ನು ಕರೆಸಿ, ರೋಗವಿಲ್ಲ ಎಂದು ಡಾಕ್ಟರರಿಂದ ಬರೆಸಿಕೊಂಡು ಬರುವವರೆಗೆ ವರ್ಗಕ್ಕೆ ಹೋಗಬೇಡಿ ಎಂದರು. ಮಾಸ್ತರರು ಏನು ಮಾಡಬೇಕಿತ್ತು? ನೆಟ್ಟಗೆ ಡಾಕ್ಟರರ ಹತ್ತಿರ ಹೋಗಬೇಕಿತ್ತು. ಅದನ್ನು ಬಿಟ್ಟು, ಕತ್ತು ಕಾಣಬಾರದೆಂದು ಕಾಲರಿನ ಗುಂಡಿ ಬಿಗಿದು, ಲಾಂಡ್ರಿಯಲ್ಲಿ ಇನ್ನಷ್ಟು ಖಡಕ್ ಗಂಜಿ ಹಾಕಿಸಲು ನನಗೆ ಹೇಳಿದರು.

ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪಾಠ ನಡೆದಿತ್ತು. ಮಾವು, ಕಾಜು, ಬಿಬ್ಬಾ ಮೂರೂ ಒಂದೇ ಕುಟುಂಬದ ಗಿಡಗಳು, ಅವುಗಳ ಸೊನೆ ಕೆಲವರ ಮೈಗೆ ಆಗಿಬರುವುದಿಲ್ಲ ಎಂದು ಪ್ರಾಧ್ಯಾಪಕರು ಹೇಳಿದರು. ನಾನು ಬರೆದುಕೊಳ್ಳುವುದನ್ನು ನಿಲ್ಲಿಸಿದೆ. ಮಾವಿನ ಸುಗ್ಗಿಯಲ್ಲಿ ಮಾಸ್ತರರ ತುಟಿ ಬಾತು ಬಾಯಿಯ ಸುತ್ತ ಗುಳ್ಳೆ ಏಳುತ್ತಿದ್ದದ್ದು ಊರಿಗೇ ಗೊತ್ತಿತ್ತು. ಗುಂಜಿ ಊರಿನ ಹತ್ತಿರ, ಹೆಣ್ಣುಕೊಟ್ಟ ಮಾವನ ಮನೆಗೆ ಹೋಗಿ ಹಸಿ ಕಾಜು ಬಿಡಿಸಿ ಬಂದರೆ ಅಂಗೈ ಸುಲಿಯುತ್ತಿತ್ತು. ಬೇಸಿಗೆ ರಜೆಯಲ್ಲಿ, ಬರೀ ಬನಿಯನ್ನಿನಲ್ಲಿ ಮನೆಯಲ್ಲಿದ್ದಾಗ, ಕತ್ತು ತಾನಾಗಿಯೇ ವಾಸಿಯಾಗುತ್ತಿತ್ತು. ಶಾಲೆ ತೆರೆದು ಲಾಂಡ್ರಿ ಅಂಗಿ ತೊಟ್ಟರೆ ಮತ್ತೆ ಶುರು. ಎಲ್ಲವೂ ಕಣ್ಣಮುಂದೆಯೇ ಇತ್ತು.

ರೈಲು ಇಳಿದು ನೆಟ್ಟಗೆ ಅವರ ಮನೆಗೇ ಹೋದೆ. ಅವರು ಕಲಿಸಿದ ಕ್ರಮದಲ್ಲೇ, ಒಂದೊಂದಕ್ಕೂ ಕಾರಣ ಕೊಟ್ಟು ಹೇಳಿದೆ. ಅವರು ಎಲ್ಲವನ್ನೂ ಕೇಳಿ ಎದ್ದುಬಂದು ನನ್ನ ಕಾಲರನ್ನು ಹಿಂದಕ್ಕೆ ಎಳೆದು ನೋಡಿದರು.

"ಇದು ನನ್ನ ಅಂಗಿ ಹೌದಲ್ಲೋ? ಬಿಬ್ಬಾದ ಗುರುತು ಇದಕ್ಕೂ ಐತಿ. ಮತ್ತ ನಿನ್ನ ಕುತ್ತಿಗಿ ಹೆಂಗ ಬೆಣ್ಣಿಯಂಗ ಅದ?"

"ಎಲ್ಲಾರ ಮೈಯಿ ಒಂದ ಥರ ಇರೂದಿಲ್ರಿ, ಸರ್. ನಿಮಗ ಆಗಿಬರೂದಿಲ್ಲ, ನನಗ ಬರತೈತಿ."

"ಒಬ್ಬಂವಗ ಒಂದು, ಇನ್ನೊಬ್ಬಂವಗ ಇನ್ನೊಂದು ಆಗಾಕ ಅದೇನು ನಿಯಮನೋ ಕಿರಾಣಿ ಅಂಗಡಿನೋ? ನಾಕ ಅಕ್ಷರ ಕಲತ ಕೂಡಲೆ ನನಗ ಪಾಠ ಹೇಳಾಕ ಬಂದ್ಯಾ?"

ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು. ಒಳಗಿನಿಂದ ಅವರ ಹೆಂಡತಿ ಬಂದರು, ನಾವೆಲ್ಲ ಕಾಕು ಎನ್ನುತ್ತಿದ್ದೆವು. ಕೈಯಲ್ಲಿ ಕತ್ತರಿ ಇತ್ತು. "ನೀವು ನಿಯಮಾ ಹುಡುಕ್ಕೋತ ಕುಂದರ್ರಿ, ನಾ ಕಾಲರ ಕತ್ತರಸ್ತೀನಿ" ಎಂದು ಗೋಡೆಯ ಗೂಟದಲ್ಲಿದ್ದ ಅಂಗಿಗಳನ್ನೆಲ್ಲ ತೆಗೆದು, ಗುರುತಿದ್ದ ಜಾಗ ಕತ್ತರಿಸಿ, ಹಳೆಯ ಧೋತರದ ತೇಪೆ ಹಚ್ಚಿದರು. ಕೊರಳಿನ ದಾರವನ್ನೂ ಕತ್ತರಿಸಿ ಒಲೆಗೆ ಹಾಕಹೋದರು, ಅದರ ಹೊಗೆಯೂ ಬೇಡ ಎಂದು ನಾನು ಕೈಹಿಡಿದು ತಡೆದೆ. ಮಾಸ್ತರರು ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದರು.

ತಿಂಗಳೊಪ್ಪತ್ತಿನಲ್ಲಿ ಕತ್ತು ವಾಸಿಯಾಯಿತು. ಬೆಳಗಾವಿಯ ಚರ್ಮದ ಡಾಕ್ಟರು ಉಳಿದ ಕಲೆಗೆ ಟಾಚಣಿಯ ಮೊನೆ ಚುಚ್ಚಿದಾಗ ಮಾಸ್ತರರು "ಅಯ್ಯಯ್ಯೋ" ಎಂದರು. "ಚುಚ್ಚಿದ್ದು ಗೊತ್ತಾಗತೈತಿ, ತುರಿಸತೈತಿ ಅಂತೀರಿ. ಇದು ಮಹಾರೋಗ ಅಲ್ಲ. ಆ ಬಿಬ್ಬಾ ಮಾತ್ರ ಬಿಡ್ರಿ" ಎಂದು ಹೇಳಿ ಡಾಕ್ಟರು ಚೀಟಿ ಬರೆದುಕೊಟ್ಟರು. ಕಮಿಟಿಯವರು ಒಪ್ಪಿದರು. ಸೋಮವಾರದಿಂದ ವರ್ಗಕ್ಕೆ ಬನ್ನಿ ಎಂದರು.

ಇಲ್ಲಿಗೆ ಮುಗಿಯಬೇಕಿತ್ತು, ಅಲ್ಲವೇ? ಮುಗಿಯಲಿಲ್ಲ. ತೇಪೆಯ ಕಾಲರಿನಲ್ಲಿ ಮತ್ತೆ ಶಾಲೆಗೆ ಹೋಗಲು ಅವರ ಮನಸ್ಸು ಒಪ್ಪಲಿಲ್ಲ. ನನಗೂ ಕಾಕುಗೂ ಹೇಳದೆ ಹೊಸ ಅಂಗಿ ಹೊಲಿಸಿ, ಇನ್ನೊಬ್ಬರ ಕೈಯಲ್ಲಿ ಅದೇ ಲಾಂಡ್ರಿಗೆ ಕಳಿಸಿ, ಗಂಜಿ ಹಾಕಿಸಿ ತರಿಸಿ, ಸೋಮವಾರ ಅದನ್ನೇ ತೊಟ್ಟು ಹೋದರು. ಹೊಸ ಅಂಗಿ, ಹೊಸ ಗುರುತು. ನಾನು ಬೈದಾಗ ಅವರು ಹೇಳಿದ್ದು ಇಷ್ಟೇ: "ಎಲ್ಲಾರೂ ನನ್ನನ್ನ ನೋಡಾಕ ನಿಂತಿರತಾರ. ತ್ಯಾಪಿ ಅಂಗ್ಯಾಗ ಹೋದರ ರೋಗಾ ಇನ್ನೂ ಬಿಟ್ಟಿಲ್ಲ ಅಂತಾರ."

ಆ ವಾರ ಕಳೆಯುವುದರೊಳಗೆ ಗುಳ್ಳೆ ಎದ್ದವು. ಈ ಸಲ ಡಾಕ್ಟರರ ಚೀಟಿಯನ್ನು ಯಾರೂ ನಂಬಲಿಲ್ಲ. ಕಮಿಟಿಯವರು ಮತ್ತೆ ಕರೆಸುವ ಮೊದಲೇ ಮಾಸ್ತರರು ರಾಜೀನಾಮೆ ಬರೆದು ಮೇಜಿನ ಮೇಲಿಟ್ಟು ಬಂದರು. ಕೆಳಗೆ ಕಾರಣ ಬರೆದಿರಲಿಲ್ಲ. ಆಮೇಲೆ ಹೋಗಿ ಕುಳಿತದ್ದಾದರೂ ಎಲ್ಲಿ? ಗುಂಜಿಯ ಕಡೆ, ಮಾವನ ಮನೆಯಲ್ಲಿ, ಕಾಜು ಗಿಡಗಳ ನಡುವೆ! ನಾನು ಪದವಿ ಪಡೆದು ಪೇಢೆ ಕೊಡಲು ಹೋದಾಗ ಅಂಗೈ ತುಂಬ ಬಿರುಕು ಇಟ್ಟುಕೊಂಡು ನನ್ನ ಬೆನ್ನು ತಟ್ಟಿದರು. ನಾನು ಆ ಕೈಯನ್ನು ನೋಡಿದೆ. ಅವರು ಕೈಯನ್ನು ಹಿಂದಕ್ಕೆ ತೆಗೆದುಕೊಂಡು, "ಉಷ್ಣ ಆಗೇತಿ" ಎಂದರು.

ಎಂಬತ್ತರ ದಶಕದ ನಡುವೆ ಅವರು ತೀರಿಕೊಂಡರು. ಎದೆಯ ಬೇನೆ, ಚರ್ಮಕ್ಕೂ ಅದಕ್ಕೂ ಸಂಬಂಧವಿಲ್ಲ. ನಾನು ಹೋಗುವ ಹೊತ್ತಿಗೆ ಹೆಣಕ್ಕೆ ಯಾವ ಅಂಗಿ ತೊಡಿಸುವುದು ಎಂದು ಅವರ ಭಾವಮೈದುನರು ಹುಡುಕುತ್ತಿದ್ದರು. ಕೈಗೆ ಸಿಕ್ಕಿದ್ದೆಲ್ಲ ತೇಪೆಯವು. ಕಾಕು ಎದ್ದು ಪೆಟ್ಟಿಗೆಯಿಂದ ಆ ಸೋಮವಾರದ ಅಂಗಿಯನ್ನು ತೆಗೆದು ಕೊಟ್ಟರು.

"ಲಾಂಡ್ರಿದ ಹಾಕ್ರಿ. ಇನ್ನ ಅವರಿಗೆ ತುರಿಸೂದಿಲ್ಲ."

ಈಗ ಕಾಕುವೂ ಇಲ್ಲ. ಇದನ್ನೆಲ್ಲ ಯಾರ ಮುಂದೆ ಜಗಳಾಡಿ ಹೇಳಲಿ... ಸೊಸೆ ಬಾಗಿಲಲ್ಲಿ ಇನ್ನೂ ನಿಂತಿದ್ದಳು. "ಇದನ್ನ ಬಿಡವ್ವಾ, ಬ್ಯಾರೇದು ತಗೋ" ಎಂದೆ. ಅವಳು ಹೋದ ಮೇಲೆ ಕಾಲರಿನ ಆ ಗುರುತನ್ನು ನನ್ನ ಹಿಂಗತ್ತಿಗೆ ಒತ್ತಿ ಹಿಡಿದುಕೊಂಡೆ. ಬಹಳ ಹೊತ್ತು ಹಾಗೇ ಕುಳಿತೆ. ತುರಿಕೆಯಿಲ್ಲ, ಉರಿಯಿಲ್ಲ. ನನ್ನ ಮೈಗೆ ಅದು ಎಂದೂ ಏನೂ ಮಾಡಲಿಲ್ಲ.