ಜ್ಯಾಕಿನ ಮೇಲೆ ಬಿಟ್ಟುಬಂದ ಕಾರು

ಅರವತ್ತರ ದಶಕದ ಆರಂಭದಲ್ಲಿ ನಾನು ಶಿರಸಿಯ ಅಡಿಕೆ ವ್ಯಾಪಾರಿಯೊಬ್ಬರ ಕಾರು ಓಡಿಸುತ್ತಿದ್ದೆ. ಬನವಾಸಿ ಕಡೆಯವನು, ವಯಸ್ಸು ಇಪ್ಪತ್ನಾಲ್ಕು. ಪೇಟೆಯಲ್ಲಿ ಕಾರುಗಳೇ ಬೆರಳೆಣಿಕೆಯಷ್ಟಿದ್ದ ಕಾಲ. ಸ್ಟೇರಿಂಗ್ ಹಿಡಿದವನ ಜಂಬ ನನಗೂ ಸಾಕಷ್ಟಿತ್ತು.

ದೀಪಾವಳಿ ಕಳೆದ ಮೇಲೆ ಧಣಿಗಳ ತಾಯಿಯನ್ನು ಚಂದಗುಳಿಗೆ ಕರೆದೊಯ್ದಿದ್ದೆ. ಗಣಪತಿಗೆ ಗಂಟೆ ಕಟ್ಟುವ ಹರಕೆ ಅವರದು. ಹಿಂದಿರುಗುವಾಗ ಹಿಂದಿನ ಎಡಗಾಲಿ ಕಿರುಗುಟ್ಟತೊಡಗಿ, ಸ್ವಲ್ಪ ದೂರದಲ್ಲೇ ಬಿಗಿದು ನಿಂತಿತು. ಬೇರಿಂಗು ಪುಡಿಯಾಗಿತ್ತು. ಎದುರಿಗೆ ಎತ್ತಿನ ಗಾಡಿ ಮಾಡುವ ಬಡಗಿಯೊಬ್ಬರ ಮನೆ. ಅವರ ಅಂಗಳದ ಅಂಚಿಗೆ ನಾಲ್ಕಾರು ಜನ ಸೇರಿ ಕಾರನ್ನು ತಳ್ಳಿದೆವು. ಅಮ್ಮನವರನ್ನು ಬಸ್ಸಿಗೆ ಹತ್ತಿಸಿ, ಜ್ಯಾಕು ಕೊಟ್ಟು ಗಾಲಿ ಬಿಚ್ಚಿದೆ.

ಬಡಗಿ ಅಜ್ಜ ಬಗ್ಗಿ ನೋಡಿದರು. "ತಮ್ಮಾ, ಇಷ್ಟು ಸಣ್ಣದ್ರ ಮೇಲೆ ಬಿಟ್ಟು ಹೋಗ್ತ್ಯಾ? ನೆಲ ಇನ್ನೂ ಹಸಿ ಅದೆ."

"ಇದು ಜ್ಯಾಕ್ರೀ ಅಜ್ಜಾರ, ನಿಮ್ಮ ಎತ್ತಿನ ಗಾಡಿ ಅಲ್ಲ," ಎಂದೆ. "ಎರಡು ದಿನದಾಗ ಬರ್ತೀನಿ."

ಎರಡು ದಿನ ಹನ್ನೊಂದಾಯಿತು. ಶಿರಸಿಯಲ್ಲಿ ಆ ಬೇರಿಂಗು ಇರಲಿಲ್ಲ. ಹುಬ್ಬಳ್ಳಿಯ ಅಂಗಡಿಯವರು ಮುಂಬಯಿಗೆ ಬರೆದು ತರಿಸಿಕೊಟ್ಟರು. ಅಷ್ಟು ದಿನವೂ ಕಾರಿಗೆ ಯಾರಾದರೂ ಗೀರು ಹಾಕಿಯಾರೆಂದು ಚಿಂತಿಸಿದೆನೇ ಹೊರತು ಜ್ಯಾಕಿನ ಯೋಚನೆ ನನಗೆ ಬರಲೇ ಇಲ್ಲ.

ಬಸ್ಸಿಳಿದು ನೋಡಿದರೆ ಕಾರು ನೆಟ್ಟಗೆ ನಿಂತಿತ್ತು. ಆದರೆ ಅದರ ಅಡಿಯಲ್ಲಿದ್ದದ್ದು ಜ್ಯಾಕಲ್ಲ, ಅಡ್ಡಡ್ಡ ಪೇರಿಸಿದ ಮತ್ತಿಮರದ ದಪ್ಪ ತುಂಡುಗಳು. ಉಳಿದ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟಿದ್ದರು. ಕೆಸರು ಮೆತ್ತಿದ ಜ್ಯಾಕು ಜಗಲಿಯ ಮೇಲಿತ್ತು.

"ಮಣ್ಣೊಳಗೆ ಹುಗಿದುಹೋತು," ಎಂದಷ್ಟೇ ಹೇಳಿ ಅಜ್ಜ ಉಳಿ ಮಸೆಯಲು ಕೂತರು.

ಉಳಿದದ್ದನ್ನು ಹೇಳಿದವರು ನೀರು ಬೆಲ್ಲ ತಂದುಕೊಟ್ಟ ಅಜ್ಜಿ. ನಾನು ಹೋದ ಮೂರನೇ ದಿನ ಅವರ ಐದು ವರ್ಷದ ಮೊಮ್ಮಗಳು ಕಾರಿನಡಿಯ ನೆರಳಲ್ಲಿ ಕರಟ ಜೋಡಿಸಿಕೊಂಡು ಅಡುಗೆಯಾಟ ಆಡುತ್ತಿದ್ದಳಂತೆ. ಕೆಲಸ ಮಾಡುತ್ತಿದ್ದ ಅಜ್ಜನಿಗೆ ಕಬ್ಬಿಣ ಕಿರ್ರೆಂದದ್ದು ಕೇಳಿಸಿತು. ಕೈಲಿದ್ದ ಬಾಚಿ ಎಸೆದು ಓಡಿ, ಕೂಸಿನ ಕಾಲು ಹಿಡಿದು ಎಳೆದುಕೊಂಡರು. ಅವಳು ಹೊರಬರುವುದಕ್ಕೂ ಕಾರು ಕುಸಿಯುವುದಕ್ಕೂ ಸರಿಹೋಯಿತು. ಆಮೇಲೆ ನಾಲ್ಕು ಜನರನ್ನು ಕರೆದು, ಸನ್ನೆಗೋಲು ಹಾಕಿ ಎತ್ತಿಸಿ, ಯಾರದೋ ಗಾಡಿಗೆಂದು ಒಣಗಿಸಿಟ್ಟಿದ್ದ ಮರವನ್ನೇ ಕೊಯ್ದು ಅಡಿಗೆ ಕೊಟ್ಟರು.

ನೀರಿನ ಚೊಂಬು ಕೆಳಗಿಟ್ಟೆ. ಅಜ್ಜನ ಹತ್ತಿರ ಹೋಗಿ, "ತಪ್ಪಾತ್ರೀ ಅಜ್ಜಾರ. ನೀವು ಹೇಳಿದ್ರಿ, ನಾ ಕೇಳಲಿಲ್ಲ," ಎಂದೆ.

ಅಜ್ಜ ನನ್ನ ಮುಖ ನೋಡಿ ಉಳಿ ಕೆಳಗಿಟ್ಟರು. "ಕೂಸಿಗೆ ಏನೂ ಆಗಲಿಲ್ಲಲ, ಸಾಕು. ಎತ್ತೂದು ಬೇರೆ ತಮ್ಮಾ, ಹೊರೂದು ಬೇರೆ. ಗಾಡಿ ಅಚ್ಚು ಬಿಚ್ಚಿದಾಗ ನಾವೂ ಅಡಿಗೆ ಮರ ಕೊಡದೆ ಬಿಡೂದಿಲ್ಲ. ಏಳು, ಗಾಲಿ ಹಾಕುವ."

ಹಾಕಿದೆವು. ಗಾಲಿ ಕೂರಿಸುವಾಗ ಅವರ ಕೈಗೆ ನನಗಿಂತ ಹೆಚ್ಚು ಗೊತ್ತಿತ್ತು. ಬೈಸಿಕೊಳ್ಳಲು ಅರ್ಹನಾಗಿದ್ದೆ. ಅವರು ಬೈಯಲಿಲ್ಲ, ಧಣಿಗಳ ಕಿವಿಗೂ ಮುಟ್ಟಿಸಲಿಲ್ಲ. ಆ ಸಂಜೆ ನಾನೇ ಧಣಿಗಳಿಗೆ ಎಲ್ಲವನ್ನೂ ಹೇಳಿದೆ. ಮುಂದೆ ಮೂವತ್ತು ವರ್ಷ ಗಾಡಿ ಓಡಿಸಿ ಅನ್ನ ಉಂಡೆ. ಒಂದು ಮಗುವಿನ ಸಾವನ್ನು ಎದೆಯಲ್ಲಿಟ್ಟುಕೊಂಡು ಉಣ್ಣಬೇಕಾಗಿದ್ದ ಅನ್ನವದು. ಹಾಗಾಗದಂತೆ ನೋಡಿಕೊಂಡವರು ಆ ಅಜ್ಜ.

ಅಂದು ಅಲ್ಲಿಂದ ಹೊರಡುವ ಮೊದಲು ಅಜ್ಜ, ಅಜ್ಜಿ, ಕೂಸು ಮೂವರನ್ನೂ ಕೂರಿಸಿಕೊಂಡು ಒಂದು ಸುತ್ತು ಹೋಗಿಬಂದೆ. ಕೂಸು ಕಿಟಕಿಗೆ ಮುಖ ಒತ್ತಿಕೊಂಡು ದಾರಿಯುದ್ದಕ್ಕೂ ನಕ್ಕಳು. ಅಜ್ಜಿ ಕಣ್ಣು ಮುಚ್ಚಿ ಗಣಪತಿಯನ್ನು ನೆನೆಯುತ್ತಿದ್ದರು. ಅಜ್ಜ ಮಾತ್ರ ಹಿಂದಿನ ಎಡಗಾಲಿಯ ಕಡೆಗೆ ಕಿವಿಗೊಟ್ಟು ಕೂತು, ಇಳಿಯುವಾಗ ಹೇಳಿದರು:

"ಈಗ ಸದ್ದಿಲ್ಲ. ಧೈರ್ಯವಾಗಿ ಹೋಗು."