ಬೆಳಗಿನ ಮೊದಲ ನೀರು

ನೀರಿನ ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಸೊನ್ನೆ ಅಕ್ಕ ಎಂದೇ ಕರೆಯುತ್ತಿದ್ದರು. ಆ ಹೆಸರು ಬರಲು ಅವಳ ಹಟವೇ ಕಾರಣ. ಕುಡಿಯುವ ನೀರಲ್ಲಿ, ಹಿಟ್ಟಿನಲ್ಲಿ, ಹಾಲಿನಲ್ಲಿ ಕಣ್ಣಿಗೆ ಕಾಣದಷ್ಟು ಸೀಸವೋ ಸತುವೋ ಸೇರಿದೆಯೇ ಎಂದು ಯಂತ್ರಕ್ಕೆ ಕೊಟ್ಟು ಅಳೆಯುವುದು ಅಲ್ಲಿನ ಕೆಲಸ. ಅದಕ್ಕೂ ಮೊದಲು ಏನೂ ಬೆರೆಯದ ಶುದ್ಧ ನೀರನ್ನು ಕೊಟ್ಟು ನೋಡಬೇಕು, ಯಂತ್ರ ಸೊನ್ನೆ ತೋರಿಸಬೇಕು. ಕೂದಲೆಳೆಯಷ್ಟು ಹೆಚ್ಚು ತೋರಿಸಿದರೂ ಸಾಕು, ಅವಳು ಬಾಟಲಿಗಳನ್ನೆಲ್ಲ ಮತ್ತೆ ತೊಳೆಯಲು ಆಸಿಡ್ ತೊಟ್ಟಿಗೆ ಹಾಕಿಬಿಡುತ್ತಿದ್ದಳು. ಪೌಡರಿನಲ್ಲೂ ಸತು ಇರುತ್ತದೆಂದು, ಯಾರಾದರೂ ಅದನ್ನು ಮುಖಕ್ಕೆ ಬಳಿದುಕೊಂಡು ಬಂದರೆ ಬಾಗಿಲಲ್ಲೇ ತಡೆದು ತೊಳೆಸುತ್ತಿದ್ದಳು. ಹೊಸದಾಗಿ ಸೇರಿದ ಹುಡುಗಿಯರು ಬೆನ್ನ ಹಿಂದೆ ಮೂಗು ಮುರಿಯುತ್ತಿದ್ದರು. ಮುರಿಯಲಿ, ಆ ಮೂಗಿಗೆ ಪೌಡರ್ ಇಲ್ಲದಿದ್ದರೆ ಸಾಕು ಎನ್ನುವವಳು ಅವಳು.

ಹಾಗೆ ನಗುನಗುತ್ತಾ ಗದರುತ್ತಿದ್ದ ಕಾಲ ಒಂದಿತ್ತು. ಗಂಡನಿಗೆ ಲಕ್ವ ಹೊಡೆದ ಮೇಲೆ ಗದರಿಕೆ ಉಳಿಯಿತು, ನಗು ಹೋಯಿತು. ಮುಖದಲ್ಲಿ ಸುಸ್ತು ಮನೆಮಾಡಿತು. ಬಸ್ಸಿನಲ್ಲಿ ನಿಂತೇ ನಿದ್ದೆ ಮಾಡುವುದನ್ನು ಅವಳು ಕಲಿತಿದ್ದಳು.

ಗಂಡ ಬೀಗ ರಿಪೇರಿ ಮಾಡುತ್ತಿದ್ದವನು. ಪೇಟೆಯ ಮೂಲೆಯಲ್ಲಿ ಒಬ್ಬರು ಕೂರುವಷ್ಟು ಜಾಗದ ಅಂಗಡಿ, ಗೋಡೆಯ ತುಂಬ ಕೀಲಿಕೈ. ಕೀಲಿ ಕಳೆದುಕೊಂಡವರ ಬಾಗಿಲನ್ನೆಲ್ಲ ತೆಗೆದುಕೊಟ್ಟ ಬಲಗೈ ಈಗ ಮುಷ್ಟಿ ಕಟ್ಟಿಕೊಂಡು ಎದೆಯ ಹತ್ತಿರ ಮಡಚಿಕೊಂಡಿತ್ತು. ಗೋಡೆ ಹಿಡಿದು ನಾಲ್ಕು ಹೆಜ್ಜೆ ನಡೆಯುತ್ತಿದ್ದ, ಮಾತಿಗೂ ಏನೂ ಆಗಿರಲಿಲ್ಲ. ಆದರೆ ಮೊದಲೇ ಮಿತಭಾಷಿ, ಈಗಂತೂ ಕೇಳಿದ್ದಕ್ಕೆ ಹೂಂ ಅಂದರೆ ದೊಡ್ಡದು. ಸದಾ ಬಿಗಿದುಕೊಂಡೇ ಇರುವ ಅಂಗೈ ಬೆವರಿ, ಚರ್ಮ ಬೆಂದು ಹುಣ್ಣಾಗುತ್ತಿತ್ತು. ದಿನಾ ಮಲಗುವ ಮುಂಚೆ ಅವಳು ಒಂದೊಂದೇ ಬೆರಳನ್ನು ಬಿಡಿಸಿ, ಸತು ಬೆರೆತ ಬಿಳಿ ಮುಲಾಮು ಹಚ್ಚುತ್ತಿದ್ದಳು. ಕೈ ಬಿಟ್ಟ ಕೂಡಲೇ ಬೆರಳುಗಳು ಮತ್ತೆ ಮುಚ್ಚಿಕೊಳ್ಳುತ್ತಿದ್ದವು. ಆಮೇಲೆ ಅವಳು ತನ್ನ ಕೈಯನ್ನು ಮೊಣಕೈವರೆಗೂ ಉಜ್ಜಿ ಉಜ್ಜಿ ತೊಳೆಯುವಳು. ಅವಳ ಕೆಲಸಕ್ಕೆ ಆ ಮುಲಾಮಿಗಿಂತ ದೊಡ್ಡ ಶತ್ರು ಇರಲಿಲ್ಲ, ಒಂದು ಚೂರು ಉಗುರಲ್ಲಿ ಉಳಿದರೂ ಇಡೀ ದಿನದ ಅಳತೆ ಹಾಳು.

ಆಸ್ಪತ್ರೆಯಲ್ಲಿ ವ್ಯಾಯಾಮ ಚಿಕಿತ್ಸೆಯ ಬಗ್ಗೆ ಒಂದು ಸಂಶೋಧನೆ ನಡೆಯುತ್ತಿತ್ತು. ಲಕ್ವ ಹೊಡೆದವರ ಕೈಗೆ ವ್ಯಾಯಾಮ ಮಾಡಿಸುವುದು, ಜೊತೆಗೆ ಅವರು ತಿನ್ನುವ ಊಟ, ಕುಡಿಯುವ ನೀರಲ್ಲಿ ಸತು, ತಾಮ್ರ, ಕಬ್ಬಿಣ ಎಷ್ಟೆಷ್ಟಿದೆ ಎಂದು ನೋಡುವುದು. ಸ್ನಾಯು ಚೇತರಿಸಿಕೊಳ್ಳುವುದಕ್ಕೂ ಇವಕ್ಕೂ ಏನಾದರೂ ಸಂಬಂಧವಿದೆಯೇ ಎಂಬುದು ಅವರ ಪ್ರಶ್ನೆ. ಗಂಡನಿಗೆ ಅದರಲ್ಲಿ ಜಾಗ ಸಿಕ್ಕಿತ್ತು. ನೀರಿನ ಬಾಟಲಿಗಳು ಅವಳ ಪ್ರಯೋಗಾಲಯಕ್ಕೇ ಬರುತ್ತಿದ್ದವು. ಬೆಳಗ್ಗೆ ಯಾರೂ ನಲ್ಲಿ ತಿರುಗಿಸುವ ಮೊದಲು, ಬರುವ ಮೊದಲ ನೀರನ್ನೇ ತುಂಬಬೇಕು. ಅವಳ ಮನೆಯ ಬಾಟಲಿ ಅವಳ ಚೀಲದಲ್ಲೇ ಹೋಗುತ್ತಿತ್ತು.

ಆದರೆ ಕೈ ಮಾತ್ರ ಬಿಚ್ಚಲಿಲ್ಲ. ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ಮೇಜಿನ ಮೇಲೆ ಮರದ ಗೂಟ ಇಟ್ಟು ಹಿಡಿಯಲು ಹೇಳಿದರೆ ಗಂಡ ಮೊದಲು ಹೆಂಡತಿಯ ಮುಖ ನೋಡುತ್ತಿದ್ದ. ಮುಷ್ಟಿ ಇನ್ನಷ್ಟು ಬಿಗಿಯುತ್ತಿತ್ತು. ಕೊನೆಗೆ ಡಾಕ್ಟರಮ್ಮ ಅವಳನ್ನು ಪಕ್ಕಕ್ಕೆ ಕರೆದರು.

"ಈ ವಾರದ ಪರೀಕ್ಷೇಲೂ ಕೈ ತೆರೀಲಿಲ್ಲ ಅಂದ್ರೆ ಅವರ ಜಾಗ ಬೇರೆಯವರಿಗೆ ಹೋಗತ್ತೆ ಅಮ್ಮ. ನನ್ನ ಕೈಯಲ್ಲಿಲ್ಲ ಅದು. ಒಂದು ಮಾತು ಹೇಳ್ಲಾ? ನೀವು ಎಲ್ಲಾನೂ ಮಾಡ್ಕೊಡ್ತೀರಿ. ಅವರ ಕೆಲಸ ಅವರಿಗೆ ಬಿಡಿ."

"ಅವರು ಅಂಗಿ ಗುಂಡಿ ಹಾಕ್ಕೊಳ್ಳೋ ತನಕ ನನ್ನ ಬಸ್ಸು ಕಾಯತ್ತಾ ಡಾಕ್ಟ್ರೇ?" ಎಂದು ಅವಳು ಕೇಳಿದಳು.

ಅವಳು ಕೇಳಿದ್ದರಲ್ಲೂ ತಪ್ಪಿರಲಿಲ್ಲ. ಉಪದೇಶ ಮಾಡುವವರು ಬಂದು ಒಂದು ವಾರ ಆ ಮನೆಯ ಬೆಳಗನ್ನು ನಿಭಾಯಿಸಲಿ ನೋಡೋಣ. ಅವನನ್ನು ಎಬ್ಬಿಸಿ, ಸ್ನಾನ ಮಾಡಿಸಿ, ಉಣಿಸಿ, ಕೂರಿಸಿ, ಎರಡು ಬಸ್ಸು ಬದಲಿಸಿ ಕೆಲಸಕ್ಕೆ ಹೋಗುವವಳಿಗೆ ಕಾಯುವುದೂ ಒಂದು ಭೋಗವೇ. ಆದರೂ ಈ ಚಿಕಿತ್ಸೆಯೂ ಕೈ ತಪ್ಪಿದರೆ ಮುಂದೇನು ಎಂಬ ಚಿಂತೆ ಅವಳನ್ನು ಬಿಡುತ್ತಿರಲಿಲ್ಲ. ಬೇರೆ ಕಡೆ ಕರೆದೊಯ್ಯುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

ಪರೀಕ್ಷೆಗೆ ಎರಡು ದಿನ ಇರುವಾಗ ಬೆಳಗ್ಗೆ ಅವಳಿಗೆ ಹೊತ್ತಿಗೆ ಎಚ್ಚರವೇ ಆಗಲಿಲ್ಲ. ಕಣ್ಣುಬಿಟ್ಟಾಗ ಕಿಟಕಿಯಲ್ಲಿ ಬಿಸಿಲು. ಗಾಬರಿಯಿಂದ ಅಡುಗೆಮನೆಗೆ ಓಡಿದರೆ ನೀರಿನ ಬಾಟಲಿ ತುಂಬಿ, ಮುಚ್ಚಳ ಹಾಕಿ, ಪ್ಲಾಸ್ಟಿಕ್ ಚೀಲದೊಳಗೆ ಕೂತಿತ್ತು. ನಿದ್ದೆಗಣ್ಣಲ್ಲಿ ತಾನೇ ತುಂಬಿಟ್ಟು ಮತ್ತೆ ಮಲಗಿರಬೇಕು ಎಂದುಕೊಂಡಳು. ಇತ್ತೀಚೆಗೆ ಹಾಗಾಗುತ್ತಿತ್ತು, ಮಾಡಿದ್ದು ಬಿಟ್ಟಿದ್ದು ಒಂದೂ ನೆನಪಿರುತ್ತಿರಲಿಲ್ಲ. ನೆಲದ ತುಂಬ ನೀರು. ಗಂಡ ಕುರ್ಚಿಯಲ್ಲಿ ಕೂತಿದ್ದ, ಪೈಜಾಮದ ಕಾಲು ಒದ್ದೆಯಾಗಿತ್ತು.

"ಒಂದು ಲೋಟ ನೀರು ಬೇಕಾದ್ರೆ ಕರೀಬಾರ್ದಾ? ಇದನ್ನ ಒರೆಸೋಳು ಯಾರು, ನಾನೇ ತಾನೆ? ನನ್ನ ಜೀವ ತಿನ್ನೋಕೇ ಇದೀರ ನೀವು," ಎಂದು ಹರಿಹಾಯ್ದಳು.

ಅವನು ತಲೆ ತಗ್ಗಿಸಿದ. ಅವಳು ದಡದಡ ನೆಲ ಒರೆಸಿ, ಅವನಿಗೆ ಬಟ್ಟೆ ಬದಲಿಸಿ, ಬಾಟಲಿಯನ್ನು ಪ್ಲಾಸ್ಟಿಕ್ ಚೀಲದ ಸಮೇತ ಕೈಚೀಲಕ್ಕೆ ತುರುಕಿಕೊಂಡು ಬಸ್ಸಿಗೆ ಓಡಿದಳು. ದಾರಿಯುದ್ದಕ್ಕೂ ಬೈದದ್ದು ಜಾಸ್ತಿಯಾಯಿತೇನೋ ಎಂದು ಮನಸ್ಸು ಚುಚ್ಚುತ್ತಿತ್ತು.

ಮಧ್ಯಾಹ್ನ ಆ ನೀರನ್ನು ಯಂತ್ರಕ್ಕೆ ಕೊಟ್ಟಾಗ ಸೀಸ ಸರಿಯಾಗೇ ಬಂತು, ತಾಮ್ರವೂ ಸರಿ. ಸತು ಮಾತ್ರ ಅಳತೆಯನ್ನೇ ಮೀರಿ ಹೋಯಿತು. ಶುದ್ಧ ನೀರು ಕೊಟ್ಟು ನೋಡಿದಳು. ಸೊನ್ನೆ. ಯಂತ್ರದ ತಪ್ಪಲ್ಲ.

"ಅಕ್ಕಾ, ನಮ್ಮ ಬಾಟಲಿಗಳನ್ನೆಲ್ಲ ತೊಟ್ಟಿಗೆ ಹಾಕ್ತಿದ್ರಿ. ಈಗ ನಿಮ್ಮನೇದೇ ಕೆಟ್ಟಿದ್ಯಲ್ಲ," ಎಂದಳು ಪಕ್ಕದ ಮೇಜಿನ ಹುಡುಗಿ. ಅವಳ ದನಿಯಲ್ಲಿ ಎಷ್ಟೋ ದಿನದ ಹೊಟ್ಟೆಯುರಿ ತಣ್ಣಗಾಗಿತ್ತು.

ಸೊನ್ನೆ ಅಕ್ಕ ಬಾಟಲಿಯನ್ನು ಚೀಲದಿಂದ ಪೂರ್ತಿ ಹೊರಗೆ ತೆಗೆದು ದೀಪದ ಕೆಳಗೆ ಹಿಡಿದಳು. ಬಾಟಲಿಯ ಹೊಟ್ಟೆಯ ಮೇಲೆ ಮುಲಾಮು ಒಣಗಿ ಬೆಳ್ಳಗೆ ಅಂಟಿತ್ತು. ಮುಚ್ಚಳದ ಅಂಚಿಗೂ ಒಂದಿಷ್ಟು ಮೆತ್ತಿಕೊಂಡಿತ್ತು. ಮೊದಲು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು, ಕೈ ಸರಿಯಾಗಿ ತೊಳೆದಿರಲಿಲ್ಲ ಎಂದು. ಆಮೇಲೆ ಬಾಟಲಿಯನ್ನು ತಿರುಗಿಸಿದಳು. ಒಂದು ಬದಿಯಲ್ಲಿ ಹೆಬ್ಬೆರಳು, ಇನ್ನೊಂದು ಬದಿಯಲ್ಲಿ ನಾಲ್ಕು ಬೆರಳು. ತನ್ನ ಬಲಗೈಯನ್ನು ಆ ಗುರುತಿನ ಮೇಲೆ ಇಟ್ಟು ನೋಡಿದಳು. ಗುರುತು ಬಲಗೈಯದೇ, ಆದರೆ ಅವಳ ಕೈಗಿಂತ ದೊಡ್ಡದು.

ಮುಲಾಮು ಹಚ್ಚಿದ್ದು ಗಂಡನ ಬಲ ಅಂಗೈಗೆ. ಮುಷ್ಟಿ ಬಿಚ್ಚದೆ ಆ ಅಂಗೈ ಬಾಟಲಿಯನ್ನು ಮುಟ್ಟುವ ಹಾಗೇ ಇರಲಿಲ್ಲ. ಅವನು ಬಲಗೈಯಲ್ಲಿ ಬಾಟಲಿ ಹಿಡಿದು, ಎಡಗೈಯಲ್ಲಿ ಮುಚ್ಚಳ ತಿರುಗಿಸಿದ್ದ. ಅವಳು ಬಾಟಲಿ ಹಿಡಿದುಕೊಂಡೇ ಸ್ಟೂಲಿನ ಮೇಲೆ ಕೂತಳು. ಸಂತೋಷಕ್ಕೋ ಬೆಳಗ್ಗೆ ಬೈದ ನಾಚಿಕೆಗೋ ಕಣ್ಣಲ್ಲಿ ನೀರು ಬಂತು. ಎರಡಕ್ಕೂ ಇರಬೇಕು.

"ಸ್ಯಾಂಪಲ್ ಕೆಟ್ಟಿದೆ ಅಂತ ಆಸ್ಪತ್ರೆಯವ್ರಿಗೆ ಹೇಳ್ಬಿಡು, ನಾಳೆ ಹೊಸದು ತರ್ತೀನಿ," ಎಂದು ಹುಡುಗಿಗೆ ಹೇಳಿದಳು. ಆ ಬಾಟಲಿಯನ್ನು ಮಾತ್ರ ಆಸಿಡ್ ತೊಟ್ಟಿಗೆ ಹಾಕಲಿಲ್ಲ.

ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡುತ್ತಲೇ ಕೇಳಿದಳು. "ಬೆಳಗ್ಗೆ ನೀರು ತುಂಬಿದ್ದು ನೀವಾ?"

"ನೀನು ಮಲಗಿದ್ದೆ. ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ."

"ಹೇಳ್ಬಾರ್ದಿತ್ತಾ?"

"ಹೇಳೋಷ್ಟರಲ್ಲಿ ಬೈದ್ಯಲ್ಲ." ಮಡಚಿದ ಬಲಗೈಯನ್ನು ನೋಡಿಕೊಂಡು ಮತ್ತೆ ಹೇಳಿದ. "ಗಿರಾಕಿ ತಲೆ ಮೇಲೆ ನಿಂತಿದ್ರೆ ನಂಗೆ ಬೀಗಾನೂ ತೆಗೆಯೋಕೆ ಆಗ್ತಿರ್ಲಿಲ್ಲ. ನೀನು ನೋಡ್ತಿದ್ರೆ ಈ ಕೈ ಹಂಗೇ ಆಡತ್ತೆ."

ಅಷ್ಟು ಉದ್ದದ ಮಾತನ್ನು ಅವಳು ಅವನ ಬಾಯಲ್ಲಿ ಕೇಳಿ ತಿಂಗಳುಗಳೇ ಆಗಿದ್ದವು. ಹೊಸ ಬಾಟಲಿಯನ್ನು ತಂದು ಅವನ ಮುಂದಿಟ್ಟಳು.

"ನಾಳೆನೂ ನೀವೇ ತುಂಬಿ. ಮೊದಲು ಮುಲಾಮು ಹೋಗೋ ಹಾಗೆ ಕೈ ತೊಳ್ಕೊಳ್ಳಿ. ನಾಡಿದ್ದು ಪರೀಕ್ಷೆಗೆ ನಾನು ಒಳಗೆ ಬರಲ್ಲ, ಹೊರಗೇ ಕೂತಿರ್ತೀನಿ."

"ನೀರು ಚೆಲ್ಲತ್ತೆ."

"ಚೆಲ್ಲಲಿ."

ಮಾರನೆಯ ಬೆಳಗ್ಗೆ ಎಚ್ಚರವಾದರೂ ಅವಳು ಏಳಲಿಲ್ಲ. ಅಡುಗೆಮನೆಯಲ್ಲಿ ನಲ್ಲಿ ತಿರುಗಿದ ಸದ್ದಾಯಿತು. ಬಾಟಲಿ ಒಮ್ಮೆ ಬಿತ್ತು, ಬಹಳ ಹೊತ್ತು ಏನೂ ಕೇಳಲಿಲ್ಲ. ಎದ್ದು ಓಡಬೇಕೆಂದು ಮೈಯೆಲ್ಲ ತುಡಿಯಿತು. ಹೊದಿಕೆಯನ್ನು ಬಿಗಿಯಾಗಿ ಹಿಡಿದುಕೊಂಡು ಮಲಗಿದ್ದಳು. ಮತ್ತೆ ನೀರು ಬೀಳುವ ಸದ್ದು ಬಂತು, ಮೊದಲು ನೆಲಕ್ಕೆ, ಆಮೇಲೆ ಬಾಟಲಿಯೊಳಕ್ಕೆ.