ತಟ್ಟುವ ತನಕ ಬಿಡಬೇಡ

ಗುಣವತಿಯವರ ಮೂಗು ಎರಡು ಸಲ ಮುರಿದಿದೆ. ಬಲಗೈಯ ಕಿರುಬೆರಳು ನೆಟ್ಟಗಾಗುವುದಿಲ್ಲ. ಗಿಂಡಿ ಬಡಾವಣೆಯ ಶಾಲೆಯೊಂದರಲ್ಲಿ ಆಟದ ಟೀಚರಾಗಿದ್ದ ಅವರು, ನಿವೃತ್ತಿಯ ಬಳಿಕ ಪ್ರತಿ ಮೇ ತಿಂಗಳು ಅಲ್ಲಿಯ ಸಭಾಂಗಣದಲ್ಲಿ ದೃಷ್ಟಿಯಿಲ್ಲದ ಮಕ್ಕಳಿಗೆ ಜೂಡೋ ಶಿಬಿರ ನಡೆಸುತ್ತಾರೆ. ಮ್ಯಾಟು, ಊಟ ಎರಡೂ ಅಣ್ಣ ಜಯಪ್ರಕಾಶರದು. ಉಡುಪಿ ಕಡೆಯಿಂದ ತಮಿಳು ಸೀಮೆಗೆ ಬಂದ ಅಪ್ಪ ವಡಪಳನಿಯಲ್ಲಿ ತೆರೆದ ಹೋಟೆಲು ಈಗ ಅವರ ಕೈಯಲ್ಲಿದೆ.

ಶಿಬಿರ ಮೆತ್ತಗಿನದಲ್ಲ. ಮಕ್ಕಳು ದಿನವಿಡೀ ದಬದಬ ಬೀಳುತ್ತಾರೆ. ಯಾರಾದರೂ ಅತ್ತರೆ ಗುಣವತಿ, "ಎಂತ ಆಯ್ತು? ಹಲ್ಲು ಉಂಟಾ? ಹಾಗಾದ್ರೆ ಏಳು" ಎನ್ನುತ್ತಾರೆ. ಈ ಜೂಡೋದಲ್ಲಿ ಇಬ್ಬರೂ ಪರಸ್ಪರರ ಕಾಲರು, ತೋಳು ಹಿಡಿದ ಮೇಲೆಯೇ ಪಂದ್ಯ ಶುರು. ಸಾಕೆನಿಸಿದವರು ಎದುರಾಳಿಯ ಮೈಮೇಲೆ ತಟ್ಟಬೇಕು, ಇಲ್ಲವೇ ಟೀಚರು ಕೂಗಿ ನಿಲ್ಲಿಸಬೇಕು. ಆ ದನಿ ಕೇಳಿಸಲೆಂದು ನೋಡುವವರು ಬಾಯಿ ಮುಚ್ಚಿ ಕೂರಬೇಕು.

ಹೋದ ವರ್ಷ ಕೊನೆಯ ದಿನ ಜಯಪ್ರಕಾಶರಿಗೆ ಶಾಲು ಹೊದಿಸಿದರು. ಹೋಟೆಲಿನ ಕೆಲಸಗಾರರೂ ಬಂದಿದ್ದರು. ಜಯಪ್ರಕಾಶರ ಮಗ ಸುಕೇಶ್, ಜಿಮ್ಮಿನಲ್ಲಿ ಬೆಳೆಸಿದ ಮೈಯವನು, ಶಿಬಿರದ ಹದಿನೇಳರ ಹುಡುಗಿ ಪ್ರಣಮ್ಯಾಳ ಎದುರು ಮ್ಯಾಟಿಗಿಳಿದ. ಸೋತುಕೊಟ್ಟು ವಿಡಿಯೋ ಮಾಡಿಸಿಕೊಳ್ಳುವ ಉದ್ದೇಶ.

"ಅಣ್ಣಾ, ಗಟ್ಟಿಯಾಗಿ ಹಿಡೀರಿ. ಇದೆಂತ, ಒಣಗಿಸಿದ ಬಟ್ಟೆ ಹಿಡಿದ ಹಾಗೆ?" ಎಂದಳು ಪ್ರಣಮ್ಯಾ.

ಅವನು ನಕ್ಕ. ಮರುಕ್ಷಣ ಬೆನ್ನು ಅಡಿಯಾಗಿ ಬಿದ್ದು ಉಸಿರಿಗೆ ಒದ್ದಾಡುತ್ತಿದ್ದ. ಕೆಲಸಗಾರರು ಮೌನ ಮರೆತು ಕೂಗಿದರು. ಎದ್ದವನು ಸಿಟ್ಟಿನಿಂದ ಹಣೆಯನ್ನು ಅವಳ ಮುಖಕ್ಕೆ ಗುದ್ದಿದ. ತುಟಿ ಸೀಳಿ ರಕ್ತ ಗಲ್ಲಕ್ಕಿಳಿಯಿತು.

ಗುಣವತಿ ಪಂದ್ಯ ನಿಲ್ಲಿಸಿದರು. "ವೇಂಡಾಂ ಟೀಚರ್, ನಿಲ್ಲಿಸಬೇಡಿ," ಎಂದು ಪ್ರಣಮ್ಯಾ ರಕ್ತ ಉಗಿದಳು. "ಇನ್ನೊಂದು ಸಲ." ಗುಣವತಿ ಒಪ್ಪಿದರು.

ಈ ಸಲ ಅವಳು ಅವನನ್ನು ಕೆಡವಿ, ತೋಳನ್ನು ತೊಡೆಗಳ ನಡುವೆ ಸಿಕ್ಕಿಸಿ ಹಿಂದಕ್ಕೆ ಬಾಗಿದಳು. ಸುಕೇಶ್ ತಟ್ಟಲಿಲ್ಲ. ಕಣ್ಣಿರುವವರ ಅಭ್ಯಾಸದಂತೆ ಅತ್ತೆಯ ಕಡೆಗೆ ಇನ್ನೊಂದು ಕೈ ಎತ್ತಿ ಬೀಸಿದ. ಗುಣವತಿ "ನಿಲ್ಸು!" ಎಂದು ಕಿರುಚಿದರು. ಧಣಿಯ ಮಗನಿಗಾಗಿ ಸಿನಿಮಾ ಥಿಯೇಟರಿನಲ್ಲಿ ಹೊಡೆಯುವಂಥ ಶಿಳ್ಳೆ ಹೊಡೆಯುತ್ತಿದ್ದವರ ನಡುವೆ ಅದು ಮುಳುಗಿತು. ಗುಣವತಿ ಓಡಿಹೋಗಿ ಹುಡುಗಿಯ ಬೆನ್ನು ಮುಟ್ಟುವಷ್ಟರಲ್ಲಿ ಮೊಣಕೈ ಲಟಕ್ಕೆಂದಿತ್ತು.

"ಅವರು ಯಾಕೆ ತಟ್ಟಲಿಲ್ಲ?" ಎಂದು ಪ್ರಣಮ್ಯಾ ಕೇಳುತ್ತಲೇ ಇದ್ದಳು.

ಮರುದಿನ ಜಯಪ್ರಕಾಶ್ ಕೆಲಸಗಾರರೊಂದಿಗೆ ಮ್ಯಾಟು ಸುತ್ತಿಸಲು ಬಂದರು. "ಆ ಹುಡುಗಿಯನ್ನು ತೆಗೆದುಹಾಕು. ಇಲ್ಲದಿದ್ದರೆ ಮುಂದಿನ ವರ್ಷ ಶಿಬಿರವೇ ಇಲ್ಲ."

"ಅವನು ಕೈ ಎತ್ತಿದ್ದು ಅವಳಿಗೆ ಹೇಗೆ ಗೊತ್ತಾಗಬೇಕು, ಅಣ್ಣಾ?"

"ಮನುಷ್ಯರಿಗೆ ಗೊತ್ತಾಗ್ತದೆ!"

ಗುಣವತಿ ಅಲ್ಲೇ ಬಿದ್ದಿದ್ದ ಸನ್ಮಾನದ ಶಾಲನ್ನು ಅಣ್ಣನ ಕಣ್ಣಿಗೆ ಬಿಗಿದು ಕಟ್ಟಿದರು. ಮ್ಯಾಟಿನ ಮೇಲೆ ಮಲಗಿ ತಮ್ಮ ಬಲಗೈಯನ್ನು ಅವರ ಕೈಗೆ ಕೊಟ್ಟರು. "ಎಳೆ. ನನಗೆ ಸಾಕಾದಾಗ ನಿಲ್ಲಿಸು." ಕೆಲಸಗಾರರಿಗೆ, "ನೀವು ನಿನ್ನೆಯ ಹಾಗೇ ಶಿಳ್ಳೆ ಹೊಡೀರಿ" ಎಂದರು.

ಜಯಪ್ರಕಾಶರಿಗೆ ಸಿಟ್ಟಿತ್ತು. ಪಾದವನ್ನು ತಂಗಿಯ ಪಕ್ಕೆಗೆ ಒತ್ತಿ ಎಳೆದರು. ಗುಣವತಿ ಎಡಗೈ ಎತ್ತಿದರು, ಬೀಸಿದರು. ಅಣ್ಣ ಇನ್ನೂ ಎಳೆದರು. ಭುಜದೊಳಗೆ ಏನೋ ಕಳಚಿಕೊಂಡಿತು. ಶಿಳ್ಳೆ ಒಂದೊಂದಾಗಿ ನಿಂತಾಗ ಜಯಪ್ರಕಾಶ್ ಶಾಲು ಕಿತ್ತರು. ತಂಗಿಯ ಎಡಗೈ ಇನ್ನೂ ಮೇಲೇ ಇತ್ತು. ಕಚ್ಚಿಕೊಂಡ ತುಟಿಯಲ್ಲಿ ರಕ್ತ.

"ಹೇಳಬಾರದಿತ್ತಾ, ಮಾರಾಯ್ತಿ!"

"ಹೇಳ್ತಾ ಇದ್ದೆನಲ್ಲ," ಎಂದರು ಗುಣವತಿ.

ಮ್ಯಾಟುಗಳು ಅಲ್ಲೇ ಉಳಿದವು. ಈ ವರ್ಷದ ಮೇ ತಿಂಗಳಲ್ಲಿ ಊಟವೂ ಬಂತು. ಜಯಪ್ರಕಾಶ್ ಬರಲಿಲ್ಲ, ಶಾಲಿನ ಕಾರ್ಯಕ್ರಮವೂ ಇರಲಿಲ್ಲ. ಸಾಂಬಾರಿನ ಪಾತ್ರೆಗಳೊಂದಿಗೆ ಬಂದವನು ಸುಕೇಶ್. ಮೊಣಕೈ ಪೂರ್ತಿ ನೆಟ್ಟಗಾಗಿಲ್ಲ. ಕೆಲಸಗಾರರ ಕಡೆ ತಿರುಗಿ, "ಡೇಯ್, ಯಾರಾದ್ರೂ ಬಾಯಿ ಬಿಟ್ರೆ ನೋಡಿ" ಎಂದು ಗದರಿಸಿ, ಮ್ಯಾಟಿಗಿಳಿದು ಪ್ರಣಮ್ಯಾಳ ಕಾಲರನ್ನು ಗಟ್ಟಿಯಾಗಿ ಹಿಡಿದ.

ಅವಳು ಅವನನ್ನು ಎತ್ತಿ ಅಪ್ಪಳಿಸಿ ಒಳ್ಳೆಯ ತೋಳಿಗೇ ಕೈಹಾಕಿದಳು. ಅವಳ ಬೆನ್ನಿನ ಮೇಲೆ ಪಟಪಟ ತಟ್ಟು ಬಿತ್ತು.

"ಅಯ್ಯೋ, ನಾನಿನ್ನೂ ಎಳೆದೇ ಇಲ್ಲ!" ಎಂದಳು ಪ್ರಣಮ್ಯಾ.